ಅಸುಂತಾಳ ಆರು ಮೇಜುಗಳು

ಅಟ್ಲಾಂಟಿಕ್ ಸಿಟಿಯ ಕಡಲದಂಡೆಯ ಕ್ಯಾಸಿನೊ ಒಂದರಲ್ಲಿ ಅಸುಂತಾ ಪಲ್ಮಿಯೇರಿ ಹರೆಯದಿಂದ ಹಿಡಿದು ತಲೆ ನರೆಯುವ ತನಕ ಪೋಕರ್ ಎಲೆ ಹಂಚಿದವಳು. ಅವಳ ಬೆರಳಿನಿಂದ ಎಲೆ ಜಾರುವ ಚೆಂದ ನೋಡಲೆಂದೇ ಕೆಲವರು ಅವಳ ಮೇಜು ಹುಡುಕಿಕೊಂಡು ಬರುತ್ತಿದ್ದರು. ಎಡಗಣ್ಣಿನೊಳಗೆ ಒತ್ತಡ ಏರಿ, ದೃಷ್ಟಿ ಅಂಚಿನಿಂದ ಒಳಕ್ಕೆ ಸವೆಯುತ್ತ ಬಂದದ್ದು ಅವಳಿಗೇ ತಡವಾಗಿ ತಿಳಿಯಿತು. ಒಂದು ದಿನ ಎಡತುದಿಯಲ್ಲಿ ಕೂತವನು ಪಣದ ಬಿಲ್ಲೆಗಳನ್ನು ಮುಂದೆ ತಳ್ಳಿದ್ದು ಕಾಣದೆ ಅವನ ಸರದಿ ದಾಟಿಸಿಬಿಟ್ಟಳು.

"ಈ ಒಕ್ಕಣ್ಣೀನ ಎಲ್ಲಿಂದ ಹಿಡ್ಕೊಂಡ್ ಬಂದ್ರಿ?" ಎಂದು ಅವನು ಇಡೀ ಸಭಾಂಗಣಕ್ಕೆ ಕೇಳುವಂತೆ ಕಿರುಚಿದ.

ಮೇಲ್ವಿಚಾರಕ ಅವಳನ್ನು ಪಕ್ಕಕ್ಕೆ ಕರೆದು, ಬಂದವರ ಕೋಟು ಕಾಯುವ ಕೋಣೆಯಲ್ಲಿ ಜಾಗ ಖಾಲಿ ಇದೆ ಎಂದ.

"ಕೋಟಿಗೆ ಗೂಟ ಸಾಕು, ನಾನ್ಯಾಕೆ?" ಎಂದಳು ಅಸುಂತಾ. ಡೀಲರುಗಳು ಮೇಜು ಬಿಡುವಾಗ ಮಾಡುವಂತೆ ಎರಡೂ ಕೈ ತಟ್ಟಿ, ಏನೂ ಬಚ್ಚಿಟ್ಟಿಲ್ಲವೆಂದು ಅಂಗೈ ಮಗುಚಿ ಸೂರಿನ ಕ್ಯಾಮೆರಾಕ್ಕೆ ತೋರಿಸಿ ಹೊರಬಿದ್ದಳು. ಮತ್ತೆ ಆ ಬಾಗಿಲು ತುಳಿಯಲಿಲ್ಲ.

ಆಮೇಲೆ ಶುರುವಾದದ್ದು ಮನೆಯಲ್ಲಿ ಕೂತು ಆಡುವ ಆನ್‌ಲೈನ್ ಪೋಕರ್. ಸಣ್ಣ ಪಣ, ಚಿಲ್ಲರೆ ಕಾಸಿನ ಆಟ. ಒಂದೇ ಮೇಜಿನಲ್ಲಿ ಆಡಿದರೆ ಮುಕ್ಕಾಲು ಹೊತ್ತು ಕೆಟ್ಟ ಎಲೆ ಎಸೆದು ಮುಂದಿನ ಹಂಚಿಕೆಗೆ ಕಾಯುವುದೇ ಕೆಲಸ. ಜೀವಮಾನವೆಲ್ಲ ಬಿಡುವಿಲ್ಲದೆ ಎಲೆ ಹಂಚಿದ ಕೈಗೆ ಆ ಕಾಯುವಿಕೆ ಹಿಡಿಸಲಿಲ್ಲ. ಒಟ್ಟಿಗೇ ಎರಡು ಮೇಜು ತೆರೆದಳು, ಆಮೇಲೆ ನಾಲ್ಕು. ಹಳೆಯ ಲ್ಯಾಪ್‌ಟಾಪಿನ ಪುಟ್ಟ ಪರದೆಯ ಮೇಲೆ ನಾಲ್ಕು ಮೇಜು ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಬಿದ್ದುಕೊಂಡವು. ಒಮ್ಮೆ ಒಂದು ಮೇಜಿನ ಕೆಟ್ಟ ಎಲೆ ಎಸೆಯಲೆಂದು ಗುಂಡಿ ಒತ್ತುವುದಕ್ಕೂ ಮತ್ತೊಂದು ಮೇಜು ಅದರ ಮೇಲೆ ನೆಗೆಯುವುದಕ್ಕೂ ಸರಿಹೋಗಿ, ಆ ಎರಡನೆಯದರಲ್ಲಿ ಕೈಗೆ ಬಂದಿದ್ದ ಜೋಡಿ ರಾಜರು ಕಸಕ್ಕೆ ಹೋದರು. ಅವಳು ಅಂದೇ ದೊಡ್ಡ ಪರದೆ ತರುವುದೆಂದು ನಿಶ್ಚಯಿಸಿದಳು.

ಅವಳ ತಮ್ಮ ಸಾಂತೊ ಅದೇ ಊರಿನ ಬೀದಿಗಳಲ್ಲಿ ಜಿಟ್ನಿ ಎಂಬ ಪುಟ್ಟ ಬಸ್ಸು ಓಡಿಸುವವನು. ರಜೆಯ ದಿನ ಅಕ್ಕನನ್ನು ಕಾರಿನಲ್ಲಿ ಅಂಗಡಿಗೆ ಕರೆದುಕೊಂಡು ಹೊರಟನಾದರೂ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ.

"ಜೂಜಾಡಿ ಮನೆಮಠ ಕಳ್ಕೊಂಡೋರನ್ನ ಕಣ್ಣಾರೆ ಕಂಡೋಳು ನೀನು. ನಿನಗ್ಯಾಕೆ ಬಂತೇ ಈ ಹುಚ್ಚು?"

"ಅವ್ರು ಹ್ಯಾಗೆ ಕಳ್ಕೊಂಡ್ರು ಅಂತಾನೂ ಕಂಡಿದೀನಿ ಕಣೋ. ನೀನು ರಸ್ತೆ ನೋಡು."

ಅಂಗಡಿಯ ಮಾರಾಟಗಾರ ಡೆಸ್ಮಂಡ್ ಅವಳನ್ನು ಬಿಟ್ಟು ಸಾಂತೊನನ್ನು ಕೇಳಿದ: "ಅಮ್ಮೋರಿಗೆ ಇಮೇಲ್ ನೋಡೋಕಾ ಸಾರ್?"

"ಪೋಕರ್ ಆಡೋಕೆ. ಆರು ಟೇಬಲ್ಲು, ಒಟ್ಟಿಗೆ," ಎಂದಳು ಅಸುಂತಾ.

ಡೆಸ್ಮಂಡ್ ನಕ್ಕ. ಸಾಂತೊ ಮೂಲೆಯಲ್ಲಿದ್ದ ಅತಿ ಚಿಕ್ಕ ಪರದೆ ತೋರಿಸಿ, "ಇರೋದೊಂದು ಕಣ್ಣು, ಇಷ್ಟು ಸಾಕು ಬಿಡು," ಎಂದು ತಮಾಷೆ ಮಾಡಿದ. ಅವಳ ಮೈಯುರಿದುಹೋಯಿತು. ಗೋಡೆಯಗಲ ಚಾಚಿಕೊಂಡಿದ್ದ, ಬಿಲ್ಲಿನಂತೆ ಬಾಗಿದ ಪರದೆಯೊಂದರ ಕಡೆ ಬೆರಳು ತೋರಿಸಿ, "ಅದನ್ನ ಕಟ್ಟು," ಎಂದಳು. ಬೇರೆ ಯಾವುದನ್ನೂ ತಿರುಗಿಯೂ ನೋಡಲಿಲ್ಲ.

ಹಠಕ್ಕೆ ತಂದದ್ದು ಹಠವನ್ನೇ ಸಾಧಿಸಿತು. ಆ ಪರದೆಯ ಎಡಭಾಗವೆಲ್ಲ ಅವಳ ಕಾಣದ ಕಣ್ಣಿನ ಕಡೆಗೇ ಬಿತ್ತು. ಅಲ್ಲಿನ ಮೇಜುಗಳಲ್ಲಿ ಸರದಿ ಬಂದು ಕಾದು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಅದನ್ನು ನೋಡಲು ಕತ್ತು ತಿರುಗಿಸಿದರೆ ಬಲಗಡೆಯದು ಕೈತಪ್ಪುತ್ತಿತ್ತು. ಇಡೀ ವಾರ ಬೀಸಣಿಗೆಯ ಹಾಗೆ ತಲೆ ಆಡಿಸಿ, ಕೊನೆಗೆ ಕತ್ತು ಹಿಡಿದುಕೊಂಡಿತು. ಭಾನುವಾರ ಸಾಂತೊ ಟೊಮ್ಯಾಟೊ ಸಾರಿನಲ್ಲಿ ಬೇಯಿಸಿದ ಮಾಂಸದ ಉಂಡೆಗಳನ್ನು ಹೊತ್ತು ಬಂದಾಗ ಅವಳು ಬಿಸಿನೀರಿನ ಚೀಲಕ್ಕೆ ಕತ್ತು ಆನಿಸಿ ಕೂತಿದ್ದಳು.

"ಒಪ್ಕೊಂಡ್ಬಿಡೇ, ಸೋತೆ ಅಂತ."

"ತಪ್ಪು ಪರದೆ ತಂದೆ, ಒಪ್ಕೊಂಡೆ. ಸೋತೆ ಅಂತ ಯಾರಂದ್ರು? ಊಟ ಆದ್ಮೇಲೆ ಕಾರು ತೆಗಿ."

"ಕತ್ತು?"

"ಕತ್ತು ನಂದು. ಕಾರು ತೆಗಿ."

ಅಂಗಡಿಯಲ್ಲಿ, ಡಬ್ಬ ಒಡೆದ ಮಾಲು ವಾಪಸು ತೆಗೆದುಕೊಳ್ಳುವುದು ಕಷ್ಟ ಎಂದು ಡೆಸ್ಮಂಡ್ ರಾಗ ಎಳೆದ. ಅಸುಂತಾ ವಾದಕ್ಕೆ ಇಳಿಯಲಿಲ್ಲ. ಒಂದು ಕುರ್ಚಿ ಎಳೆದು, ಪ್ರದರ್ಶನಕ್ಕಿಟ್ಟ ಪರದೆಗಳ ಮುಂದೆ, ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕೂತಳು.

"ನಂಗೆ ಎಡಗಣ್ಣು ಕಾಣಲ್ಲ. ತಲೆ ಅಲ್ಲಾಡಿಸದೆ ಆರು ಟೇಬಲ್ಲೂ ಕಾಣ್ಬೇಕು. ಒಂದರ ಮೇಲೊಂದು ಬೀಳಬಾರ್ದು, ಅಕ್ಷರ ಇರುವೆ ಸಾಲಿನ ಹಾಗಿರಬಾರ್ದು. ಅಂಥದ್ದು ಯಾವ್ದಿದೆ ಹೇಳು, ಇಲ್ಲಿಂದ ಏಳ್ತೀನಿ."

"ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಮೇಡಂ?"

"ನೀನು ಕೇಳ್ಬಾರ್ದಿತ್ತಾ?"

ಡೆಸ್ಮಂಡ್ ತಾನೂ ಒಂದು ಕುರ್ಚಿ ತಂದು, ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ಅವಳ ಪಕ್ಕ ಕೂತ. "ಅಬ್ಬಾ, ಮೂಗೇ ಅಡ್ಡ ಬರುತ್ತಲ್ಲ!" ಎಂದ. ಆಮೇಲಿನ ಕೆಲಸ ಅವನೇ ಮೈಮೇಲೆ ಹಾಕಿಕೊಂಡ. ಪೋಕರ್ ಕಿಟಕಿಗಳನ್ನು ತೆರೆದು ಒಂದೊಂದು ಪರದೆಯ ಮೇಲೂ ಜೋಡಿಸಿದ. ಅಳತೆಯಲ್ಲಿ ಒಂದೇ ಥರದ ಎರಡು ಪರದೆಗಳಿದ್ದರೂ, ಒಂದರಲ್ಲಿ ಚಿತ್ರ ಮೂಡಿಸುವ ಚುಕ್ಕೆಗಳು ಕಮ್ಮಿಯಾಗಿ ಮೇಜುಗಳು ಒತ್ತೊತ್ತಾಗಿ ಬಿದ್ದವು. ಇನ್ನೊಂದರಲ್ಲಿ ಚುಕ್ಕೆಗಳು ದಟ್ಟ, ಮೇಲೆ ಮೂರು ಕೆಳಗೆ ಮೂರು ನಿಚ್ಚಳವಾಗಿ ಕೂತವು. ಅದಕ್ಕಿಂತ ದೊಡ್ಡದೂ ಇತ್ತು. ಅದರ ಅಂಚು ಮತ್ತೆ ಎಡಗಡೆ ಮಾಯವಾಗುತ್ತಿತ್ತು. ಬಣ್ಣ ಮಿನುಗಿಸುವ ಮತ್ತೊಂದನ್ನು ಡೆಸ್ಮಂಡ್ ತಾನಾಗಿಯೇ ಪಕ್ಕಕ್ಕೆ ಸರಿಸಿ, "ಇದು ಗುಂಡು ಹಾರ್ಸೋ ಆಟದೋರಿಗೆ. ನಿಮ್ಗೆ ದಂಡ," ಎಂದ. ದಟ್ಟ ಚುಕ್ಕೆಗಳ ಪರದೆಯನ್ನೇ ನಟ್ಟನಡುವೆ ಇಡದೆ ಒಂದು ಗೇಣು ಬಲಕ್ಕೆ ಸರಿಸಿ ನೋಡೋಣ ಎಂದವಳು ಅಸುಂತಾ. ಆರೂ ಮೇಜು ಒಮ್ಮೆಲೇ ಕಣ್ಣಿಗೆ ಬಿದ್ದವು. ಸಾಂತೊ ಅದರ ಡಬ್ಬ ಎತ್ತಿಕೊಂಡ. ವಾಪಸಿನ ತಕರಾರು ಮತ್ತೆ ಏಳಲಿಲ್ಲ.

ಆ ಪರದೆಯ ಮುಂದೆ ಅವಳು ಸೋತದ್ದೂ ಉಂಟು, ಗೆದ್ದದ್ದೂ ಉಂಟು. ಆನ್‌ಲೈನ್ ಆಟದ ಕೋಣೆಯಲ್ಲಿ ಯಾರೂ ಅವಳ ಕಣ್ಣಿನ ಮಾತೆತ್ತಲಿಲ್ಲ. ಇವಳು ಪಣ ಏರಿಸಿದಾಗ ಎಲೆ ಎಸೆದು ಓಡುವವರು ಮಾತ್ರ ಹೆಚ್ಚಾದರು.

ಕಳೆದ ಶರತ್ಕಾಲದಲ್ಲಿ ಡಾಕ್ಟರು ಬಲಗಣ್ಣಿನಲ್ಲೂ ಒತ್ತಡ ಏರುತ್ತಿದೆ ಎಂದರು. ಹನಿಮದ್ದು ಬಿಡದೆ ಹಾಕಿದರೆ ತಡೆಯಬಹುದು, ಆದರೆ ಭರವಸೆ ಕೊಡಲಾರೆ ಎಂದರು. ವಾಪಸು ಕರೆತಂದ ಸಾಂತೊ ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ ಮೆಲ್ಲಗೆ ಕೇಳಿದ: "ಇನ್ನಾದ್ರೂ ಬಿಡ್ತೀಯೇನೇ?"

"ಆರರಿಂದ ನಾಲ್ಕಕ್ಕೆ ಇಳೀತೀನಿ. ಒಂದೊಂದೂ ದೊಡ್ಡದಾಗಿ ಕಾಣುತ್ತೆ."

"ಆಮೇಲೆ?"

"ಆಮೇಲೆ ಎರಡು. ಆಮೇಲೆ ಒಂದು. ಅದೂ ಕಾಣದ ದಿನ ನೀನು ಎಲೆ ಓದಿ ಹೇಳು, ನಾನು ಆಡ್ತೀನಿ. ಆದ್ರೆ ನಿಂಗೆ ಇಸ್ಪೇಟು ಯಾವ್ದು, ಕಳಾವರ್ ಯಾವ್ದು ಅಂತ್ಲೇ ಗೊತ್ತಿಲ್ಲ, ದರಿದ್ರದೋನೆ."

ಸಾಂತೊಗೆ ನಗು ಬಂತು. ಒಳಗೆ ಹೋಗಿ ಅವಳು ಹನಿಮದ್ದು ಹಾಕಿಕೊಂಡು, ಕಣ್ಣು ತಿಳಿಯಾಗುವ ತನಕ ಕಾದು, ನಾಲ್ಕು ಮೇಜು ತೆರೆದಳು. ಅವನು ಅಡುಗೆಮನೆಯ ಕುರ್ಚಿ ತಂದು ಅವಳ ಬಲಕ್ಕೆ ಹಾಕಿಕೊಂಡ. ಎಲೆಗಳು ಬಿದ್ದವು. ಅವನು ಬಾಗಿ ನೋಡಿ, "ಇದು ಕಳಾವರ್ ಅಲ್ವಾ?" ಎಂದ.

"ಬಾಯಿ ಮುಚ್ಚೋ, ಆಡೋವಾಗ ಮಾತಾಡಬಾರ್ದು," ಎಂದು ಗದರಿ ಅಸುಂತಾ ಪಣ ಏರಿಸಿದಳು.