ಶುಭ ಶುಕ್ರವಾರದ ಚಾರ್ಟು

2007ನೇ ಇಸವಿಯಲ್ಲಿ ನಾನು ಪೀಣ್ಯ ಎರಡನೇ ಹಂತದ ಒಂದು ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನ ಅರ್ಧ ಪಾಲುದಾರನಾಗಿದ್ದೆ. ಇನ್ನರ್ಧ ಇನ್ನಾಸಪ್ಪನದು. ಆಫೀಸು, ಆರ್ಡರು, ಪಾರ್ಟಿಗಳ ಜೊತೆ ಮಾತುಕತೆ ಅವನ ಪಾಲಿಗೆ. ಬೆಂಕಿಯ ಹತ್ತಿರದ್ದೆಲ್ಲ ನನ್ನ ಪಾಲಿಗೆ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಹದಿನಾರನೇ ವಯಸ್ಸಿಗೆ ಬೇರೆಯವರ ಫರ್ನೇಸ್ ಮುಂದೆ ನಿಂತವನು ನಲವತ್ತು ದಾಟುವ ಹೊತ್ತಿಗೆ ಸ್ವಂತ ಫರ್ನೇಸ್ ಮುಂದೆ ನಿಂತಿದ್ದೆ. ಜಂಬಕ್ಕೆ ಹೇಳುತ್ತಿದ್ದಾನೆ ಅಂದುಕೊಂಡರೂ ಪರವಾಗಿಲ್ಲ.

ಇನ್ನಾಸಪ್ಪನೂ ನಾನೂ ಜಾಲಹಳ್ಳಿ ಆಚೆಯ ಒಂದೇ ಊರಿನವರು. ಒಂದೇ ಗುಡಿಯಲ್ಲಿ, ಅಂದರೆ ಚರ್ಚಿನಲ್ಲಿ, ಜ್ಞಾನಸ್ನಾನ ಆದವರು. ನನ್ನ ಮಗಳ ಜ್ಞಾನಸ್ನಾನಕ್ಕೆ ಹೊಣೆ ನಿಂತ ಜ್ಞಾನತಂದೆ ಅವನೇ. ಶೆಡ್ಡು ಶುರು ಮಾಡಿದ ದಿನ ಸ್ವಾಮಿಗಳನ್ನು ಕರೆಸಿ ಪ್ರಾರ್ಥನೆ ಮಾಡಿಸಿದೆವು. ಆಮೇಲೆ ಇಬ್ಬರೂ ಒಂದು ಮಾತು ಮಾಡಿಕೊಂಡೆವು. ಎಷ್ಟೇ ದೊಡ್ಡ ಆರ್ಡರ್ ಇರಲಿ, ಶುಭ ಶುಕ್ರವಾರ ಫರ್ನೇಸ್ ಹಚ್ಚುವುದಿಲ್ಲ ಅಂತ. ಪೀಣ್ಯದಲ್ಲಿ ಆಯುಧಪೂಜೆಗೆ ಎಲ್ಲ ಮೆಷಿನ್ನೂ ನಿಲ್ಲುತ್ತವಲ್ಲ, ನಮ್ಮ ಫರ್ನೇಸ್ ವರ್ಷಕ್ಕೆ ಇನ್ನೂ ಒಂದು ದಿನ ಹೆಚ್ಚಿಗೆ ನಿಲ್ಲುತ್ತಿತ್ತು.

ಈ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. ಉಕ್ಕಿನ ಬಿಡಿಭಾಗವನ್ನು 840 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಡಸಾಗುತ್ತದೆ. ಇದು ಹಾರ್ಡನಿಂಗ್. ಆದರೆ ಆ ಗಡಸು ಗಾಜಿನ ಗಡಸು. ಪೆಟ್ಟು ಬಿದ್ದರೆ ಬಗ್ಗುವುದಿಲ್ಲ, ಮುರಿಯುತ್ತದೆ. ಅದಕ್ಕೆ ಮತ್ತೆ 450 ಡಿಗ್ರಿಯಲ್ಲಿ ಎರಡು ಗಂಟೆ ಇಡಬೇಕು. ಇದು ಟೆಂಪರಿಂಗ್. ಉಕ್ಕು ತನ್ನ ಗಡಸಿನಲ್ಲಿ ಸ್ವಲ್ಪ ಬಿಟ್ಟುಕೊಡುತ್ತದೆ, ಬದಲಿಗೆ ಪೆಟ್ಟು ತಾಳುವ ಗುಣ ಪಡೆಯುತ್ತದೆ. ನಮ್ಮಲ್ಲಿದ್ದದ್ದು ಒಂದೇ ಫರ್ನೇಸ್. ಎರಡೂ ಕೆಲಸ ಅದರಲ್ಲೇ ಆಗಬೇಕು. ಹಾಗಾಗಿ ಒಂದು ದಿನಕ್ಕೆ ಒಂದೇ ಲೋಡು.

ಎರಡೂ ಆದ ಮೇಲೆ ಕೊನೆಯದು ನನ್ನ ಪಂಚು. ಹಳೆಯ ಅರದ ತುಂಡಿನಿಂದ ನಾನೇ ಕೆತ್ತಿಕೊಂಡದ್ದು. ತುದಿಯಲ್ಲಿ ‘ಚೌ’ ಎಂಬ ಅಕ್ಷರ, ಚೌರಪ್ಪ ಎಂಬ ನನ್ನ ಹೆಸರಿನದು. ಹದವಾದ ಉಕ್ಕಿನ ಮೇಲೆ ಸುತ್ತಿಗೆಯಿಂದ ಒಂದೇ ಏಟು. ಹದ ಸರಿಯಿದ್ದರೆ ಪಂಚು ಕೂದಲೆಳೆಯಷ್ಟು ಕಚ್ಚುತ್ತದೆ. ಹದ ಆಗದಿದ್ದರೆ ಜಾರುತ್ತದೆ, ಮಣಿಕಟ್ಟಿಗೆ ಜುಮ್ಮೆನ್ನುತ್ತದೆ. ಆ ಜುಮ್ಮಿನ ಮೇಲೆ ನಾನು ಎಷ್ಟೋ ಲೋಡು ವಾಪಸ್ ಫರ್ನೇಸಿಗೆ ಹಾಕಿದ್ದೇನೆ. ಪೀಣ್ಯದಲ್ಲಿ ‘ಚೌ ಮಾರ್ಕು’ ಇದ್ದರೆ ಇನ್‌ಸ್ಪೆಕ್ಷನ್ನಿನವರು ಎರಡನೇ ಸಲ ನೋಡುತ್ತಿರಲಿಲ್ಲ. ಪಂಚು ಇದ್ದದ್ದು ನನ್ನ ಟೂಲ್ ಬಾಕ್ಸಿನಲ್ಲಿ, ಬೀಗ ಹಾಕಿ.

ಆ ವರ್ಷ ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಹಿಂದಿನ ಬುಧವಾರ ಚೈನ್ ಹಾಯ್ಸ್ಟ್ ಮಾಡುವ ಒಂದು ಕಂಪನಿಯಿಂದ ಪಿನ್ನುಗಳು ಬಂದವು. ಕಾರ್ಖಾನೆಗಳಲ್ಲಿ ಭಾರ ಎತ್ತುವ ಸರಪಳಿಯ ಕೊಕ್ಕೆಯನ್ನು ಹಿಡಿದಿರುವ, ಹೆಬ್ಬೆರಳು ಗಾತ್ರದ ಪಿನ್ನು. ಒಟ್ಟು 180. ಶನಿವಾರದೊಳಗೆ ಕೊಟ್ಟರೆ ವರ್ಷವಿಡೀ ಕೆಲಸ ನಿಮಗೇ ಅಂದಿದ್ದರಂತೆ. ಆಗುವುದಿಲ್ಲ, ಮೂರು ದಿನದ ಕೆಲಸ, ಹಬ್ಬ ಕಳೆದು ಕೊಡೋಣ ಅಂದೆ. ಇನ್ನಾಸಪ್ಪ ಸುಮ್ಮನೆ ತಲೆಯಾಡಿಸಿದ. ಪಕ್ಕದ ಶೆಡ್ಡು ಖಾಲಿಯಾಗುವುದರಲ್ಲಿತ್ತು. ಅದನ್ನು ತೆಗೆದುಕೊಂಡು ಗೋಡೆ ಒಡೆದು ಎರಡನೇ ಫರ್ನೇಸ್ ಹಾಕಬೇಕು ಅನ್ನುವುದು ಅವನಿಗೆ ವರ್ಷದಿಂದ ಹಿಡಿದಿದ್ದ ಗುಂಗು. ನಮ್ಮ ಎರಡು ಸಂಸಾರವೂ ಆಗ ಚೆನ್ನಾಗಿಯೇ ನಡೆಯುತ್ತಿದ್ದವು. ಯಾರಿಗೂ ಏನೂ ಕಡಿಮೆಯಿರಲಿಲ್ಲ.

ಗುರುವಾರ ಗುಡಿಯಲ್ಲಿ ಪಾದ ತೊಳೆಯುವ ಆಚರಣೆ. ಶಿಷ್ಯರ ಜಾಗದಲ್ಲಿ ಕೂರುವ ಹನ್ನೆರಡು ಜನರಲ್ಲಿ ನಾನೂ ಒಬ್ಬನಾಗಿದ್ದರಿಂದ ಮಧ್ಯಾಹ್ನವೇ ಹೊರಟೆ. ಬಾಗಿಲಲ್ಲಿ ಇನ್ನಾಸಪ್ಪ ಕರೆದು, ಗೇಜ್ ಬೇಕಾಗುತ್ತದೆ, ಬಾಕ್ಸಿನ ಬೀಗದ ಕೈ ಕೊಟ್ಟು ಹೋಗು ಅಂದ. ಕೊಟ್ಟೆ. ಯೇಸುಸ್ವಾಮಿಯನ್ನು ಅವರ ಶಿಷ್ಯನೇ ಹಿಡಿದುಕೊಟ್ಟ ಗುರುವಾರ ಅದು ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಶುಕ್ರವಾರ ಊರಿನಲ್ಲಿ ಶಿಲುಬೆಯ ಹಾದಿ. ಮರದ ಶಿಲುಬೆ ಹೊತ್ತವನು ಇನ್ನಾಸಪ್ಪ. ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆದ. ಅವನ ಹಿಂದೆಯೇ ನಾನು. ಮೂರು ಗಂಟೆಗೆ, ಯೇಸುಸ್ವಾಮಿ ಪ್ರಾಣ ಬಿಟ್ಟ ಹೊತ್ತಿಗೆ, ಎಲ್ಲರೂ ಮಣ್ಣಿನ ಮೇಲೆ ಮೊಣಕಾಲೂರಿದೆವು. ಅವನ ಕಣ್ಣಲ್ಲಿ ನೀರಿತ್ತು. ನಾನೇ ನೋಡಿದ್ದೇನೆ.

ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಬಂದವನು ದಿನದ ಅಭ್ಯಾಸದಂತೆ ಫರ್ನೇಸಿನ ಬಾಗಿಲ ಮೇಲೆ ಅಂಗೈ ಇಟ್ಟೆ. ಬುಧವಾರ ರಾತ್ರಿ ಆರಿಸಿದ್ದು, ತಣ್ಣಗಿರಬೇಕು. ಉಗುರುಬೆಚ್ಚಗಿತ್ತು. ಕೇಳಿದೆ. “ನಿನ್ನೆ ಪೂಜೆ ಮುಗಿಸಿ ಬಂದು ಒಂದ್ ಗಳಿಗೆ ಕಾಯಿಸ್ದೆ ಕಣೋ, ತೇವ ಹೋಗ್ಲಿ ಅಂತ,” ಅಂದ. ಪಿನ್ನುಗಳೆಲ್ಲಿ ಅಂದಾಗ, ಪಾರ್ಟಿಯವರು ಅವಸರವೆಂದು ಬೇರೆ ಕಡೆ ಮಾಡಿಸಿಕೊಳ್ಳಲು ವಾಪಸ್ ಒಯ್ದರು, ಮುಂದಿನ ಆರ್ಡರ್ ಮಾತ್ರ ನಮಗೇ ಅಂದ. ತೇವ ಹೋಗಲು ಒಂದು ಗಳಿಗೆ ಕಾಯಿಸಿದ ಫರ್ನೇಸ್ ಬೆಳಗಿನ ತನಕ ಬೆಚ್ಚಗಿರುವುದಿಲ್ಲ. ಮೂವತ್ತು ವರ್ಷದಿಂದ ಬೆಂಕಿಯ ಜೊತೆ ಇರುವ ಕೈ ನನ್ನದು, ಅದಕ್ಕೆ ಗೊತ್ತಾಗದೆ ಇರುತ್ತದೆಯೆ? ಆದರೂ ಬಿಟ್ಟೆ. ಮುಂದಿನ ಆರ್ಡರ್ ನಮಗೇ ಅಂದದ್ದು ಕಿವಿಗೆ ಹಿತವಾಗಿತ್ತು.

ಆಮೇಲೆ ಅವರ ಬೇರೆ ಪಿನ್ನುಗಳು ನಮ್ಮಲ್ಲಿಗೆ ಬರತೊಡಗಿದವು. ಜುಲೈನಲ್ಲಿ ಹಾಯ್ಸ್ಟ್ ಕಂಪನಿಯ ಕ್ವಾಲಿಟಿ ಎಂಜಿನಿಯರ್ ಶೈಲಜಾ ಮೇಡಂ ಫೋನ್ ಮಾಡಿದರು. ಜಿಗಣಿಯ ಒಂದು ಫ್ಯಾಕ್ಟರಿಯಲ್ಲಿ ಪಿನ್ನು ಮುರಿದು, ಎತ್ತಿದ್ದ ಡೈ, ಅಂದರೆ ಉಕ್ಕಿನ ಅಚ್ಚು, ಕೆಳಗೆ ಬಿದ್ದಿದೆ, ಫಿಟ್ಟರ್ ಒಬ್ಬರ ಪಾದ ಜಜ್ಜಿಹೋಗಿದೆ, ಪಿನ್ನಿನ ಮೇಲೆ ನಿಮ್ಮ ಮಾರ್ಕ್ ಇದೆ ಅಂದರು. ನನ್ನ ಮಾರ್ಕ್ ಇರುವ ಪಿನ್ನು ಮುರಿಯುವುದಿಲ್ಲ ಮೇಡಂ ಅಂದೆ, ಸ್ವಲ್ಪ ಗಡುಸಾಗಿಯೇ. ಹಾಗಾದರೆ ಬಂದು ನೋಡಿ ಅಂದರು.

ಟೇಬಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ ಎರಡು ತುಂಡು ಇಟ್ಟಿದ್ದರು. ಮುರಿದ ಮುಖ ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು. ಬಗ್ಗಿದ ಗುರುತೇ ಇಲ್ಲ. ಟೆಂಪರಿಂಗ್ ಆಗಿಲ್ಲ ಅನ್ನಲು ಯಂತ್ರ ಬೇಕಾಗಿರಲಿಲ್ಲ. ಆದರೆ ನನ್ನ ಕಣ್ಣು ಅಲ್ಲಿ ನಿಲ್ಲಲಿಲ್ಲ.

“ಚೌರಪ್ಪನವ್ರೇ, ಇದು ನಿಮ್ ಮಾರ್ಕೇ ಅಲ್ವಾ?” ಮೇಡಂ ಕೇಳಿದರು.

ನನ್ನದೇ. ಆದರೆ ನಾನು ಹೊಡೆದದ್ದಲ್ಲ. ನನ್ನ ಏಟು ಕೂದಲೆಳೆಯಷ್ಟೇ ಕಚ್ಚುತ್ತದೆ, ಒಳಗೆ ಬೆಳ್ಳಗಿರುತ್ತದೆ. ಇದು ಆಳವಾಗಿತ್ತು, ಒಳಗೆ ಬೆಂಕಿಯ ಕಪ್ಪು ಸಿಪ್ಪೆ ಕೂತಿತ್ತು. ಅಂದರೆ ಉಕ್ಕು ಮೆತ್ತಗಿರುವಾಗಲೇ, ಫರ್ನೇಸಿಗೆ ಹಾಕುವ ಮೊದಲೇ ಹೊಡೆದದ್ದು. ಯಾಕೆ ಮೊದಲೇ? ಹದವಾಗದ ಉಕ್ಕಿನ ಮೇಲೆ ಆಮೇಲೆ ಪಂಚು ಕಚ್ಚುವುದಿಲ್ಲ ಅಂತ ಹೊಡೆದವನಿಗೆ ಗೊತ್ತಿತ್ತು. ಇದು ಅವಸರದ ಮರೆವಲ್ಲ. ಕಾಯಿಸುವ ಮುಂಚೆಯೇ ಹದ ಮಾಡಬಾರದೆಂದು ತೀರ್ಮಾನಿಸಿ, ಅದರ ಮೇಲೆ ನನ್ನ ಹೆಸರು ಹೊಡೆದದ್ದು.

ಅಷ್ಟು ಗಡಸು ಬಂದಾಗ ನಿಮ್ಮ ಟೆಸ್ಟಿಂಗಿನಲ್ಲಿ ಹೇಗೆ ಬಿಟ್ಟಿರಿ ಅಂದೆ. ಮೇಡಂ ಡ್ರಾಯಿಂಗ್ ತೋರಿಸಿದರು. ಗಡಸುತನ 42, ಮಿನಿಮಮ್, ಅಂತಿತ್ತು. ಪಾಸ್ಕದ ಹಿಂದಿನ ಶನಿವಾರ ನಮ್ಮ ಶೆಡ್ಡಿನಿಂದ ಬಂದ ಆ 180 ಪಿನ್ನುಗಳು 55 ತೋರಿಸಿದ್ದವು. ಮ್ಯಾಕ್ಸಿಮಮ್ ಎಷ್ಟು ಅಂತ ಯಾರೂ ಬರೆದಿರಲಿಲ್ಲ. ಹೆಚ್ಚಿಗೆ ಇದೆಯಲ್ಲ, ಒಳ್ಳೆಯದೇ ಅಂತ ಬಿಟ್ಟಿದ್ದರು.

ಅಲ್ಲಿಂದ ನೇರವಾಗಿ ಜಿಗಣಿಗೆ, ಆ ಫಿಟ್ಟರನ ಮನೆಗೆ ಹೋದೆ. ಫಿಟ್ಟರ್ ಮಹದೇವನ ಪಾದ ಪೂರ್ತಿ ಬ್ಯಾಂಡೇಜು. ಮೂರು ಬೆರಳು ತೆಗೆದಿದ್ದರು. ತಪ್ಪು ನಿನ್ನದೇ, ಓವರ್‌ಲೋಡ್ ಮಾಡಿದ್ದೀಯ ಅಂತ ಫ್ಯಾಕ್ಟರಿಯವರು ಆಗಲೇ ನೋಟಿಸ್ ಕೊಟ್ಟಿದ್ದರು. ಕೆಲಸ ಹೋಗುವುದರಲ್ಲಿತ್ತು. “ಒಂದು ಟನ್ ಹಾಯ್ಸ್ಟ್ ಸಾರ್, ನಾನು ಎತ್ತಿದ್ದು ಎಂಟ್ನೂರು ಕೆಜಿ,” ಅಂದ. “ಓವರ್‌ಲೋಡ್ ಹೆಂಗಾಯ್ತದೆ, ನೀವೇ ಹೇಳಿ.” ಪಿನ್ನು ನನ್ನ ಶೆಡ್ಡಿನದು, ಅದರ ಮೇಲಿರುವುದು ನನ್ನ ಹೆಸರು ಅಂತ ಅವನಿಗೆ ಹೇಳುವ ಧೈರ್ಯ ಆ ದಿನ ನನಗೆ ಬರಲಿಲ್ಲ.

ಸಂಜೆ ಶೆಡ್ಡಿಗೆ ಬಂದು ಚಾರ್ಟ್ ಫೈಲ್ ತೆಗೆದೆ. ಫರ್ನೇಸಿಗೆ ಒಂದು ರೆಕಾರ್ಡರ್ ಇರುತ್ತದೆ. ದುಂಡನೆಯ ಕಾಗದ ನಿಧಾನವಾಗಿ ತಿರುಗುತ್ತದೆ, ಅದರ ಪೆನ್ನು ಗಂಟೆಗಂಟೆಯ ಶಾಖವನ್ನು ಗೀಚುತ್ತಾ ಹೋಗುತ್ತದೆ. ಕಾಗದಗಳಿಗೆ ಕ್ರಮವಾಗಿ ನಂಬರ್ ಇರುವುದರಿಂದ ಒಂದನ್ನೂ ಎಸೆಯುವ ಹಾಗಿಲ್ಲ, ಆಡಿಟ್ಟಿನವರು ಹಿಡಿಯುತ್ತಾರೆ. ಬುಧವಾರದ ಚಾರ್ಟಿನ ಹಿಂದೆ ಒಂದನ್ನು ಬೆನ್ನು ಮೇಲೆ ಮಾಡಿ ಸಿಕ್ಕಿಸಿದ್ದರು. ತಿರುಗಿಸಿದೆ. ಸಾಮಾನ್ಯ ದಿನದ ಚಾರ್ಟಿನಲ್ಲಿ ಹಾರ್ಡನಿಂಗಿನ ಒಂದು ಗುಡ್ಡ, ಪಕ್ಕದಲ್ಲಿ ಟೆಂಪರಿಂಗಿನ ಒಂದು ಉದ್ದನೆಯ ಬಯಲು ಇರುತ್ತದೆ. ಇದರಲ್ಲಿ ಮೂರು ಗುಡ್ಡ, ಬಯಲೇ ಇಲ್ಲ. ಮೂರು ಲೋಡು, ಲೋಡಿಗೆ ಅರವತ್ತು. ಮಧ್ಯಾಹ್ನ ಮೂರು ಗಂಟೆಯ ಗೆರೆಯ ಮೇಲೆ ಬೆರಳಿಟ್ಟು ನೋಡಿದೆ. ನಾವು ಮಣ್ಣಿನಲ್ಲಿ ಮೊಣಕಾಲೂರಿದ್ದಾಗ ಪೆನ್ನು 840ರಲ್ಲಿ ನಿಂತಿತ್ತು.

ಇನ್ನಾಸಪ್ಪ ಆಫೀಸಿನಲ್ಲೇ ಇದ್ದ. ಚಾರ್ಟನ್ನು ಅವನ ಮುಂದಿಟ್ಟೆ. ಅವನು ಇಲ್ಲ ಅನ್ನಲಿಲ್ಲ. ಗುರುವಾರ ನಾನು ಹೋದ ಮೇಲೆ ಪಂಚು ಹೊಡೆದು, ಪಕ್ಕದ ಶೆಡ್ಡಿನ ಇಬ್ಬರು ಆಪರೇಟರುಗಳನ್ನು ಶುಕ್ರವಾರಕ್ಕೆ ಗೊತ್ತುಮಾಡಿ, ತಾನು ಶಿಲುಬೆ ಹೊರಲು ಊರಿಗೆ ಬಂದಿದ್ದನಂತೆ.

“ಡ್ರಾಯಿಂಗ್‌ನಾಗೆ ನಲವತ್ತೆರಡಕ್ಕಿಂತ ಮೇಲೆ ಅಂತ ಐತೆ,” ಅಂದ. “ಐವತ್ತೈದು ಕೊಟ್ಟಿದೀನಿ. ಜಾಸ್ತಿ ಕೊಟ್ರೆ ಮೋಸನಾ?”

“ಬೆಂಕಿ ಕೆಲ್ಸ ಗೊತ್ತಿಲ್ದೋನು ಈ ಮಾತಾಡಿದ್ರೆ ಕೇಳ್ಬೋದಿತ್ತು ಇನ್ನಾಸಿ.”

ಅವನು ಎದ್ದು ಆಫೀಸಿನ ಬಾಗಿಲು ಮುಂದೆ ಮಾಡಿದ. ಆಮೇಲೆ ದನಿ ತಗ್ಗಿಸಿದ. “ನೋಡು, ಉಕ್ಕಲ್ಲೇ ದೋಷ ಇತ್ತು ಅಂತ ಬರ್ದುಬಿಡಾನ. ನಾನು ಬರೆದ್ರೆ ನಂಬಕಿಲ್ಲ. ನಿನ್ ಮಾರ್ಕು, ನೀನು ಹೇಳಿದ್ರೆ ನಂಬ್ತಾರೆ. ನಿನ್ ಮಗಳ ಜ್ಞಾನತಂದೆ ಕಣೋ ನಾನು.”

ನನ್ನನ್ನು ಮುರಿದದ್ದು ಚಾರ್ಟಲ್ಲ, ಈ ಮಾತು. ಮೂವತ್ತು ವರ್ಷ ನಾನು ಬೆವರಿ ಸಂಪಾದಿಸಿದ ಹೆಸರಿನ ಬೆಲೆ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಒಂದು ಸಲ ಕದ್ದಿದ್ದ, ಈಗ ಎರಡನೇ ಸಲ ಕೇಳುತ್ತಿದ್ದ. ಉಕ್ಕಿನಲ್ಲಿ ದೋಷ ಅಂದುಬಿಟ್ಟರೆ ಒಂದು ಪಿನ್ನಿಗೆ ಮಾತು ಮುಗಿಯುತ್ತಿತ್ತು. ಉಳಿದ 179 ಎಲ್ಲೆಲ್ಲಿ ಯಾರ ತಲೆಯ ಮೇಲೆ ತೂಗುತ್ತಿದ್ದವೋ.

ಮಾರನೆಯ ದಿನ ಚಾರ್ಟ್ ತೆಗೆದುಕೊಂಡು ಶೈಲಜಾ ಮೇಡಂ ಹತ್ತಿರ ಹೋದೆ. ಬರೆಯುವುದರಲ್ಲಿ ನಾನು ಚುರುಕಲ್ಲ. ಕನ್ನಡದಲ್ಲಿ ಒಂದು ಪುಟ ಬರೆಯಲು ಒಂದು ಗಂಟೆ ಹಿಡಿಯಿತು. ಟೆಂಪರಿಂಗ್ ಆಗಿಲ್ಲ, ಫಿಟ್ಟರ್ ಮಹದೇವನ ತಪ್ಪಿಲ್ಲ, ಪಂಚಿನ ಕೀಲಿ ಕೊಟ್ಟವನು ನಾನು, ಎಂದು ಬರೆದು ಸಹಿ ಹಾಕಿದೆ. ಸೋಮವಾರದ ಬೆಚ್ಚಗಿನ ಬಾಗಿಲಿನ ಸಂಗತಿಯನ್ನೂ ಬರೆದೆ. ಅದು ಬೇಕಾಗಿಲ್ಲ ಅಂದರು ಮೇಡಂ. ಇರಲಿ ಅಂದೆ.

ಮಹದೇವನ ನೋಟಿಸ್ ರದ್ದಾಯಿತು. ಅವನನ್ನು ಕೂತು ಮಾಡುವ ಕೆಲಸಕ್ಕೆ ಹಾಕಿಕೊಂಡರು. ಅವನ ಮನೆಗೆ ಮತ್ತೆ ಹೋಗಿ, ಆ ದಿನ ಬಾಯಿಗೆ ಬರದ ಮಾತನ್ನು ಹೇಳಿ ಬಂದೆ. ಅವನು ಕಾಫಿಗೆ ಹೇಳಿದ. ನಮ್ಮ ಶೆಡ್ಡಿಗೆ ಮಾತ್ರ ಒಂದೊಂದೇ ಪಾರ್ಟಿ ಬರುವುದು ನಿಂತಿತು. ‘ಚೌ ಮಾರ್ಕು’ ಅಂದರೆ ಜನ ಬೇರೆಯ ಥರ ನೋಡತೊಡಗಿದರು. ವರ್ಷ ತುಂಬುವ ಮೊದಲೇ ಬಾಗಿಲು ಹಾಕಿದೆವು. ಪಂಚಿನ ತುದಿಯನ್ನು ನಾನೇ ಗ್ರೈಂಡರಿಗೆ ಹಿಡಿದೆ. ಆಮೇಲೆ ರಿಟೈರ್ ಆಗುವವರೆಗೂ ಬೇರೆಯವರ ಫರ್ನೇಸಿಗೆ ಸೂಪರ್‌ವೈಸರ್.

ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಧನಿಕನ ಸಾಮತಿಯನ್ನು, ಯೇಸುಸ್ವಾಮಿ ಹೇಳಿದ ದೃಷ್ಟಾಂತದ ಕಥೆಯನ್ನು, ಗುಡಿಯಲ್ಲಿ ಚಿಕ್ಕಂದಿನಿಂದ ಕೇಳಿದ್ದೇನೆ. ಅವನು ಯಾರದ್ದನ್ನೂ ಕದ್ದವನಲ್ಲ, ಬೆಳೆ ಅವನದೇ. ಹಾಗಾದರೆ ಯೇಸುಸ್ವಾಮಿಗೆ ಅವನ ಮೇಲೇಕೆ ಅಷ್ಟು ಸಿಟ್ಟು ಅಂತ ನನಗೆ ಅರ್ಥವಾಗುತ್ತಿರಲಿಲ್ಲ. ಈಗ ಒಂದು ವಿಷಯ ಕಾಣುತ್ತದೆ. ಆ ಕಥೆಯಲ್ಲಿ ಅವನು ಇನ್ನೊಬ್ಬರ ಹತ್ತಿರ ಒಂದು ಮಾತೂ ಆಡುವುದಿಲ್ಲ. ಎಲ್ಲ ತನ್ನೊಳಗೇ ಮಾತಾಡಿಕೊಳ್ಳುತ್ತಾನೆ. ಇನ್ನಾಸಪ್ಪನೂ ಹಾಗೇ. ಬಾಗಿಲ ಮೇಲೆ ಕೈಯಿಟ್ಟು ಸುಮ್ಮನಾದ ಆ ಸೋಮವಾರ ನಾನೂ ಹಾಗೇ.

ಸಾಮತಿಯ ಧನಿಕ ಅದೇ ರಾತ್ರಿ ಸಾಯುತ್ತಾನೆ. ಇನ್ನಾಸಪ್ಪ ಚೆನ್ನಾಗಿದ್ದಾನೆ. ಬೇರೆ ಹೆಸರಿನಲ್ಲಿ ಒಂದು ಶೆಡ್ಡು ಮಾಡಿದ, ಅದಾದ ಮೇಲೆ ಇನ್ನೊಂದು. ಹೊಟ್ಟೆ ಉರಿಯುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಭಾನುವಾರ ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವಾಗ ಮುಂದಿನ ಬೆಂಚಿನಿಂದ ತಿರುಗಿ ಕೈ ಮುಗಿಯುತ್ತಾನೆ. ನಾನೂ ಮುಗಿಯುತ್ತೇನೆ. ಪಾಪನಿವೇದನೆಯಲ್ಲಿ ವರ್ಷವರ್ಷವೂ ಸ್ವಾಮಿಗಳಿಗೆ ಹೇಳುತ್ತೇನೆ, ಅವನನ್ನು ಕ್ಷಮಿಸುವುದು ಇನ್ನೂ ಪೂರ್ತಿ ಆಗಿಲ್ಲ ಸ್ವಾಮಿ ಅಂತ.

ಕೆಲಸ ಕಲಿಸಿದ್ದು ಇಷ್ಟು. ಆಮೇಲೆ ಯಾವ ಡ್ರಾಯಿಂಗ್ ಬಂದರೂ ಮಿನಿಮಮ್ ನೋಡುವ ಮೊದಲು ಮ್ಯಾಕ್ಸಿಮಮ್ ಎಷ್ಟು ಅಂತ ಕೇಳುತ್ತಿದ್ದೆ. ಬರೆದಿರದಿದ್ದರೆ ಬರೆಸಿಕೊಂಡೇ ಕೆಲಸ ತೆಗೆದುಕೊಳ್ಳುತ್ತಿದ್ದೆ. ಎಷ್ಟಾದರೆ ಸಾಕು ಅನ್ನುವುದನ್ನು ಫರ್ನೇಸ್ ಹಚ್ಚುವ ಮೊದಲೇ ಬರೆದಿಡಬೇಕು. ಹಚ್ಚಿದ ಮೇಲೆ ಅದು ಯಾರಿಗೂ ಹೊಳೆಯುವುದಿಲ್ಲ.

ಆ 180ರಲ್ಲಿ ಒಂದು ಮುರಿಯಿತು. ಕಂಪನಿಯವರು ಊರೂರು ಸುತ್ತಿ 170 ವಾಪಸ್ ತಂದರು. ಒಂಬತ್ತು ಸಿಗಲೇ ಇಲ್ಲ. ಅದಕ್ಕೇ ಈಗಲೂ ಯಾವ ಶೆಡ್ಡಿಗೆ ಕಾಲಿಟ್ಟರೂ ಮೊದಲು ತಲೆಯೆತ್ತಿ ಹಾಯ್ಸ್ಟ್ ನೋಡುತ್ತೇನೆ. ಅದರ ಕೆಳಗೆ ಯಾರಾದರೂ ನಿಂತಿದ್ದರೆ, “ಅಣ್ಣ, ಸ್ವಲ್ಪ ಈ ಕಡೆ ಬನ್ನಿ,” ಅಂತ ಕರೆಯುತ್ತೇನೆ. ಯಾಕೆ ಅಂತ ಕೇಳಿದರೆ, ಸುಮ್ಮನೆ ಅನ್ನುತ್ತೇನೆ.