ಹಾಡು ಶುರುವಾಗದ ಭಾನುವಾರ

ಹಾಡು ಶುರುವಾಗಲೇ ಇಲ್ಲ. ಮಧುಗಿರಿಯ ನಮ್ಮ ಪುಟ್ಟ ಚರ್ಚಿನಲ್ಲಿ ವಾದ್ಯಗಳಿಲ್ಲ. ಮೊದಲ ಕೀರ್ತನೆಯನ್ನು ಎತ್ತಿಕೊಡುವವರು ವಯಸ್ಸಾದ ರಾಹೇಲಮ್ಮ. ಆ ಭಾನುವಾರ ಎಲ್ಲರೂ ಎದ್ದು ನಿಂತು ಕಾದೆವು. ಅವರ ದನಿ ಬರಲಿಲ್ಲ. ಸಭಾಪಾಲಕರು ಸುತ್ತ ನೋಡಿದರು, ಅವರು ಬಂದಿಲ್ಲವೆಂದು ತಿಳಿದು ಬೈಬಲ್ ಮುಚ್ಚಿಟ್ಟು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. ಇಡೀ ಸಭೆ ಅವರ ಹಿಂದೆ ಹೊರಟಿತು.

ಒಬ್ಬರೇ ಇರುವ ರಾಹೇಲಮ್ಮನ ಮನೆಗೆ ಒಳಗಿನಿಂದ ಚಿಲಕ ಹಾಕಿತ್ತು. ಕೂಗಿದರೆ ಉತ್ತರವಿಲ್ಲ. ಬಾಗಿಲು ಒಡೆಯಲು ಎಷ್ಟು ಹೊತ್ತು ಹಿಡಿಯಿತೋ, ಈ ವಿಷಯದಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ನೆನೆದಷ್ಟು ಸಲವೂ ಆ ಹೊತ್ತು ಉದ್ದವಾಗುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದಿದ್ದ ಅವರು ಕಣ್ಣು ಮುಚ್ಚಿ, ತಣ್ಣನೆಯ ನೆಲದ ಮೇಲೆ ಮಲಗಿದ್ದರು. ಪಕ್ಕದ ಬೀದಿಯ ಸರೋಜಮ್ಮ ಕೆನ್ನೆ ತಟ್ಟಿದಾಗ ತುಟಿ ಅಲುಗಿತು.

“ಆರಾಧನೆ ಬುಟ್ಟು ಬಂದ್ಬುಟ್ರಾ?”

“ನೀನು ಎತ್ಕೊಡ್ದೆ ಹೆಂಗಕ್ಕ ಹಾಡದು? ಸುಮ್ನೆ ಮಲೀಕ!” ಎಂದು ಗದರುತ್ತಲೇ ಸರೋಜಮ್ಮ ಅತ್ತುಬಿಟ್ಟರು.

ಸೊಂಟದ ಮೂಳೆ ಮುರಿದಿತ್ತು. ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಅವರ ಸಂಬಂಧಿಕರು ಯಾರು ಎಂದು ನರ್ಸ್ ಕೇಳಿದಾಗ ನಮ್ಮಲ್ಲಿ ಐದಾರು ಜನ ಒಟ್ಟಿಗೇ ಮುಂದೆ ಬಂದರು.

ವರ್ಗವಾಗಿ ಈ ಊರಿಗೆ ಬಂದ ಮೇಲೆ ನಾನು ಚರ್ಚಿನ ಕೊನೆಯ ಸಾಲಿನಲ್ಲಿ ಕೂತು, ಯಾರ ಪರಿಚಯವೂ ಬೇಡವೆಂದು ಬೇಗ ಎದ್ದು ಹೋಗುತ್ತಿದ್ದೆ. ಆ ಸಂಜೆ ನಾನಾಗಿಯೇ ಸರೋಜಮ್ಮನಿಗೆ ಹೇಳಿದೆ, ನಾನೂ ಒಬ್ಬಳೇ ಇರುವುದು, ನನ್ನ ಮನೆ ಇಂಥ ಕಡೆ ಇದೆ ಎಂದು.