ಟವೆಲ್ ಕೆಳಗಿನ ಅಂಕಿ

ವಯಸ್ಸೆಷ್ಟು ಎಂದು ಕೇಳಿದರೂ ಮಡೆಪ್ಪನ ಬಾಯಿಂದ ಉತ್ತರ ಬರುವುದಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕೇಳಿದವರ ಕೈಮೇಲೆ ಹಾಸುತ್ತಾನೆ, ಕೆಳಗಿಂದ ಅವರ ಬೆರಳು ಹಿಡಿದು ಹಿಸುಕುತ್ತಾನೆ. ತಿಳಿದರೆ ತಿಳಿಯಿತು, ಇಲ್ಲವಾದರೆ ಅವರ ಕರ್ಮ.

ಔರಾದ ತಾಲ್ಲೂಕಿನ ಸಂತಪುರದಲ್ಲಿ ಕುರಿ ಕಾಯುತ್ತ ಬೆಳೆದವನು ಈ ಮಡೆಪ್ಪ. ಆಮೇಲೆ ಮೂವತ್ತೈದು ವರ್ಷ ಭಾಲ್ಕಿಯ ಸಂತೆಯಲ್ಲಿ ಕುರಿ ದಲ್ಲಾಳಿ. ಅವನ ವ್ಯಾಪಾರದಲ್ಲಿ ದರವನ್ನು ಯಾರೂ ಕೂಗುವುದಿಲ್ಲ. ಹಿಡಿದ ಬೆರಳಿನ ಲೆಕ್ಕವೇ ದರ; ಟವೆಲ್ ಕೆಳಗೆ ಒಂದು ಕೈ ಇನ್ನೊಂದು ಕೈಗೆ ಹೇಳಿದ್ದು ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಬಾರದು. ಈ ರೂಢಿ ಅವನ ಮೈಗೆ ಎಷ್ಟು ಹತ್ತಿತ್ತೆಂದರೆ, ಮನೆಗೆ ಬಂದು ಹೆಂಡತಿ ಅಂಜನಾಬಾಯಿಗೂ ಸಂತೆಯ ಸುದ್ದಿಯನ್ನು ಬೆರಳಲ್ಲೇ ಹೇಳುತ್ತಿದ್ದ.

"ಕಿರಾಣಿ ಅಂಗಡ್ಯಾಗ ಸಕ್ಕರಿ ಎಷ್ಟ ಕಿಲೋ ಬೇಕಂತ ಕೇಳಿದ್ರೂ ಟವೆಲ್ ತೆಗಿತಾರ್ರಿ ಇವ್ರು!" ಎಂದು ಅಂಜನಾಬಾಯಿ ಬಂದವರೆದುರು ನಗುತ್ತಿದ್ದಳು. ಮಗಳು ಸುಜಾತಾಳಿಗೆ ಮಾತ್ರ ಇದರಲ್ಲಿ ನಗು ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಸಂತೆಯಲ್ಲಿ ಆ ಟವೆಲ್ ಕೆಳಗೆ ಕೈ ತೂರಿಸಲು ಹೋಗಿದ್ದಳು. "ಇದು ಗಂಡಸರ ವ್ಯಾಪಾರ ಅದ, ನಡಿ ಆ ಕಡಿ" ಎಂದು ಮಡೆಪ್ಪ ಕೈ ತಳ್ಳಿದ್ದ. ಅವನಿಗೆ ಅದು ಮರೆತೇಹೋಗಿತ್ತು. ಅವಳಿಗೆ ಮರೆತಿರಲಿಲ್ಲ.

ಈಗ ಸುಜಾತಾ ಬೀದರಿನ ಚಿದ್ರಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅವಳ ಅಂಗಡಿಯೆಂದರೆ ನಿಜದಲ್ಲಿ ಅವಳ ಫೋನು. ಅಕ್ಕಪಕ್ಕದ ಹೆಣ್ಣುಮಕ್ಕಳು ಅಳತೆ, ಕುತ್ತಿಗೆಯ ಡಿಸೈನು, ತೊಟ್ಟು ತೆಗೆಸಿಕೊಂಡ ಫೋಟೊ ಎಲ್ಲವನ್ನೂ ವಾಟ್ಸಾಪಿನಲ್ಲಿ ಅವಳನ್ನು ನಂಬಿ ಕಳಿಸುತ್ತಾರೆ. ಆ ನಂಬಿಕೆ ಹೋದರೆ ಹೊಲಿಗೆಯೂ ಹೋದಂತೆಯೇ. ಹೊಸ ಮಶೀನು ಕೊಳ್ಳಬೇಕೆಂದು ಹಳೆಯದರ ಫೋಟೊ ತೆಗೆದು, ಅದೇ ನಂಬರ್ ಕೊಟ್ಟು, ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕಿದ್ದಳು.

ಮಡೆಪ್ಪ ಮಗಳ ಮನೆಗೆ ಬಂದು ಎರಡು ದಿನವಾಗಿತ್ತು. ಪರದೆಯ ಹಿಂದೆ ಸುಜಾತಾ ಪಕ್ಕದ ಮನೆಯ ಮಹಾಮಾಯಾಳಿಗೆ ಬ್ಲೌಸ್ ತೊಡಿಸಿ ನೋಡುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ಕುಳಿತ ಮಡೆಪ್ಪನ ಪಕ್ಕದಲ್ಲಿದ್ದ ಅವಳ ಫೋನು ಬಡಿದುಕೊಂಡಿತು.

"ಎತ್ತಿ ಮಾತಾಡಪ್ಪಾ, ಮಶೀನಿನ ಗಿರಾಕಿ ಇರಬೇಕು!" ಎಂದಳು ಒಳಗಿನಿಂದ.

ಗಿರಾಕಿಯೇ. ದನಿಯಲ್ಲಿ ಬೆಲ್ಲ ಸುರಿಯುತ್ತಿತ್ತು. "ಕಾಕಾ, ಮಶೀನು ಪಕ್ಕಾ ನಾನೇ ತಗೋತೇನಿ. ನೀವು ಖರೇ ಮಾರೋರು ಹೌದೋ ಅಲ್ಲೋ ಅಂತ ನೋಡಬೇಕಲ್ರಿ? ಒಂದು ನಂಬರ್ ಕಳಿಸೀನಿ, ಓದಿ ಹೇಳ್ರಿ."

ಟಿಂಗ್ ಎಂದಿತು. ಫೋನಿನ ಮೇಲೆ ಆರು ಅಂಕಿ ಮೂಡಿದವು.

"ಮಶೀನು ಬಂದು ನೋಡೂದಿಲ್ಲೇನ್ರಿ?" ಎಂದ ಮಡೆಪ್ಪ.

"ಫೋಟೊದಾಗ ನೋಡೀನಲ್ರಿ. ನಂಬರ್ ಹೇಳ್ರಿ ಕಾಕಾ, ಜಲ್ದಿ."

ಹಲ್ಲು ನೋಡದೆ ಕುರಿ ಕೊಂಡವನನ್ನು ಮಡೆಪ್ಪ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಆದರೂ ಮಗಳ ಗಿರಾಕಿಯಲ್ಲವೇ, ಹೇಳಿಬಿಡೋಣ ಎಂದೇ ಬಾಯಿ ತೆರೆದ. ಅಂಕಿ ಗಂಟಲಿನಿಂದ ಮೇಲೆ ಬರಲಿಲ್ಲ. ಮೂವತ್ತೈದು ವರ್ಷ ಬಾಯಿಗೆ ಬಾರದ್ದು ಒಂದು ಫೋನಿಗೆ ಹೆದರಿ ಬಂದೀತೇ!

"ನಂಬರ್ ಬಾಯಿಲಿ ಹೇಳಂಗಿಲ್ರಿ ನಮ್ಮಲ್ಲಿ. ಚಿದ್ರಿಗೆ ಬರ್ರಿ, ಕೈ ಕೊಡ್ರಿ, ಆಮ್ಯಾಲ ಹೇಳ್ತೇನಿ."

ಬೆಲ್ಲವೆಲ್ಲ ಒಂದೇ ಸಲಕ್ಕೆ ಕರಗಿತು. ಆ ಮನುಷ್ಯ ಹೊಲಸು ಮಾತೊಂದನ್ನು ಬೈದು ಫೋನ್ ಇಟ್ಟ.

ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಸುಜಾತಾ ಹೊರಗೆ ಬಂದಳು. ನಡೆದದ್ದು ಕೇಳಿ ಅವಳ ಮುಖ ಕೆಂಪಾಯಿತು. "ಬಂದ ಗಿರಾಕಿಗೆ ಓಡಿಸಿಬಿಟ್ಟಿ ಅಪ್ಪಾ! ಆರು ಅಂಕಿ ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು? ಇದೇನು ಭಾಲ್ಕಿ ಸಂತಿ ಅಂತ ತಿಳಿದೀಯೇನು?" ಕಣ್ಣಲ್ಲಿ ನೀರೂ ಬಂತು. ಮಡೆಪ್ಪನಿಗೆ ನೋವಾಯಿತು. ವಯಸ್ಸಾದವನು ಮಗಳ ಮನೆಗೆ ಬಂದು ಅವಳ ಕೆಲಸ ಕೆಡಿಸಿದೆನಲ್ಲ ಎಂದು ಬೀದಿಯ ಕಡೆ ಮುಖ ಮಾಡಿ ಕುಳಿತ.

ಅಷ್ಟರಲ್ಲಿ ಫೋನು ಮತ್ತೆ ಟಿಂಗ್ ಎಂದಿತು. ಓದಿದ ಸುಜಾತಾ ಕೋಣೆಯ ಪರದೆಯನ್ನೊಮ್ಮೆ ನೋಡಿದಳು, ಫೋನನ್ನೊಮ್ಮೆ ನೋಡಿದಳು.

"ಮಹಾಮಾಯಾ, ನೀ ದವಾಖಾನ್ಯಾಗ ಇದ್ದೀಯಂತ. ರೊಕ್ಕ ಹಾಕಂತ ನನಗ ಬರದೀ."

ಒಂದು ತೋಳು ಮಾತ್ರ ತೊಟ್ಟ ಮಹಾಮಾಯಾ ಸೀರೆ ಹೊದ್ದುಕೊಂಡು ಪರದೆಯಾಚೆ ತಲೆ ಹಾಕಿದಳು. "ನಾ ಇಲ್ಲೇ ನಿಂತೀನಲ್ಲೇ! ನನ್ನ ಫೋನು ಮನ್ಯಾಗದ." ಆಮೇಲೆ ಮೆಲ್ಲಗೆ ಅಂದಳು, "ಮುಂಜಾನಿ ಮಂಚ ಮಾರಾಕ ಹಾಕಿದ್ದೆ. ಯಾರೋ ಆರು ಅಂಕಿ ಕೇಳಿದ್ರು. ಹೇಳೀನಿ."

ಸುಜಾತಾ ಅಪ್ಪನ ಪಕ್ಕ ಕಟ್ಟೆಯ ಮೇಲೆ ಕುಳಿತಳು. ಆ ಅಂಕಿ ಹೇಳಿದವರ ವಾಟ್ಸಾಪು ಕೇಳಿದವನ ಪಾಲಾಗುತ್ತದೆಂದು ಅವಳಿಗೆ ಆಗ ಹೊಳೆಯಿತು. ಅಪ್ಪ ಹೇಳಿಬಿಟ್ಟಿದ್ದರೆ ಈಗ ತನ್ನ ಹೆಸರಿನಲ್ಲೂ ಯಾವನೋ ಆ ಹೆಣ್ಣುಮಕ್ಕಳಿಗೆಲ್ಲ ಬರೆಯುತ್ತಿದ್ದ. ಇಬ್ಬರೂ ಸೇರಿ ಮಹಾಮಾಯಾಳ ಪರಿಚಯದವರಿಗೆಲ್ಲ ಫೋನು ಹಚ್ಚಿ ಎಚ್ಚರಿಸಿದರು, ಪೊಲೀಸರಿಗೂ ತಿಳಿಸಿದರು. ಪುಣ್ಯಕ್ಕೆ ಯಾರೂ ರೊಕ್ಕ ಹಾಕಿರಲಿಲ್ಲ. ಎರಡು ದಿನ ಬಿಟ್ಟು ಅವಳ ವಾಟ್ಸಾಪೂ ವಾಪಸು ಬಂತು.

ಮಡೆಪ್ಪ ಕೈಕಟ್ಟಿ ಕೂರುವವನಲ್ಲ. ಆ ಫೋನು ಬಂದ ಮರುದಿನವೇ ಚಹಾದಂಗಡಿಯಲ್ಲಿ ಮಾತು ಹಾಕಿ, ದರ್ಜಿ ಉಸ್ಮಾನ ಮಿಯಾನನ್ನು ಕರೆತಂದ. ಉಸ್ಮಾನ ಮಿಯಾ ಮಶೀನಿನ ಚಕ್ರ ತಿರುಗಿಸಿದ, ಚಿಂದಿ ಬಟ್ಟೆ ಹೊಲಿದು ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಇಬ್ಬರು ಗಂಡಸರ ಕೈಗಳು ಟವೆಲ್ ಕೆಳಗೆ ಸೇರಿದವು.

ಬೆರಳ ಮಾತು ಮುಗಿಸಿ ಮಡೆಪ್ಪ ಮಗಳ ಕಡೆ ತಿರುಗಿದ. ದರವನ್ನು ಅವಳಿಗೆ ಹೇಳಬೇಕು. ಬಾಯಲ್ಲಿ ಹೇಳಲು ಬಾರದು. ಟವೆಲನ್ನು ಅವಳ ಕೈಮೇಲೆ ಹಾಸಿದ. "ಮಶೀನು ನಿಂದು. ಕೈ ಕೊಡವ್ವಾ."

ಸುಜಾತಾ ಕೈ ಕೊಟ್ಟಳು. ಅವನು ಬೆರಳು ಹಿಡಿದು ದರ ಹೇಳಿದ. ಅವಳು ಒಪ್ಪಲಿಲ್ಲ. ಅವನ ಬೆರಳುಗಳನ್ನೇ ಹುಡುಕಿ, ಒಂದನ್ನು ಹೆಚ್ಚಿಗೆ ಸೇರಿಸಿ ಗಟ್ಟಿಯಾಗಿ ಹಿಸುಕಿದಳು.

ಮಡೆಪ್ಪ ಕಣ್ಣರಳಿಸಿದ. "ಯಾವಾಗ ಕಲಿತಿ?"

"ನೀ ಕೈ ತಳ್ಳಿದ ದಿನಾನೇ, ಮನಿಗಿ ಬಂದ ಮ್ಯಾಲ ಅವ್ವ ಕಲಿಸಿದ್ಲು."

ಮಡೆಪ್ಪನಿಗೆ ಸಂತೆಯ ಆ ದಿನ ನೆನಪಾಯಿತು. ಮಗಳ ಕೈಯನ್ನು ಇನ್ನಷ್ಟು ಹೊತ್ತು ಹಿಡಿದುಕೊಂಡ. ಆಮೇಲೆ ಆ ಹೆಚ್ಚಿನ ಬೆರಳನ್ನು ಹೊತ್ತುಕೊಂಡು, ನಗುತ್ತ, ಉಸ್ಮಾನ ಮಿಯಾನ ಕಡೆ ತಿರುಗಿದ.